ಎಳ್ಳಮಾಸಿ ಹೊಲದಿಂದ ಲೆಸ್ಟರಿಗೆ

ಚಿತ್ತಾಪುರ
15 ಜನವರಿ 2021

ಪ್ರೀತಿಯ ತಂಗಿ,

ನೀನು ಕಳಿಸಿದ ಇಂಗ್ಲೆಂಡಿನ ಡರ್ಬಿಷೈರಿನ ಸುದ್ದಿಯನ್ನು ಮಾಮಾನ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಇಬ್ಬರು ಗೆಳತಿಯರು ಮನೆಯಿಂದ ಐದು ಮೈಲಿ ದೂರದ ಫೋರ್‌ಮಾರ್ಕ್ ಜಲಾಶಯದ ದಂಡೆಗೆ ನಡೆದಾಡಲು ಹೋದದ್ದು, ಬೇರೆ ಬೇರೆ ಕಾರಿನಲ್ಲೇ ಬಂದಿದ್ದರೂ ಲಾಕ್‌ಡೌನ್ ಮುರಿದಿರಿ ಅಂತ ಪೊಲೀಸರು ತಲಾ 200 ಪೌಂಡ್ ದಂಡ ಹಾಕಿದ್ದು, ಕೈಯಲ್ಲಿದ್ದ ಬಿಸಿ ಪಾನೀಯವೂ ಪಿಕ್ನಿಕ್ ಲೆಕ್ಕಕ್ಕೇ ಬರುತ್ತದೆ ಎಂದದ್ದು, ಆಮೇಲೆ ಈ ಸೋಮವಾರ ದಂಡ ವಾಪಸ್ ಪಡೆದದ್ದು, ಎಲ್ಲ ಹೇಳಿದೆ. ಮಾಮಿ ಒಲೆ ಮುಂದಿನಿಂದಲೇ, "ಬಯಲಾಗ ಇಬ್ಬರು ನಡದಾಡಿದ್ರ ಯಾರಿಗೆ ರೋಗ ಬರ್ತದವ್ವಾ?" ಅಂದಳು. ಕಳೆದ ವರ್ಷವಿಡೀ ನನ್ನ ತಲೆಯಲ್ಲಿ ತಿರುಗುತ್ತಿದ್ದ ಪ್ರಶ್ನೆಯೂ ಅದೇ. ಎಲ್ಲಿಗೆ ಹೋಗಬಾರದು, ಯಾರು ಹೋಗಬಾರದು, ಅದನ್ನು ಯಾವ ಲೆಕ್ಕದ ಮೇಲೆ ಗೊತ್ತುಮಾಡಬೇಕು?

ನಿನ್ನೂರಿಗೂ ನಮ್ಮ ಜಿಲ್ಲೆಗೂ ಒಂದು ಸಂಬಂಧ ಬೆಸೆದುಕೊಂಡಿದೆ, ಗಮನಿಸಿದ್ದೀಯಾ? ಇಂಗ್ಲೆಂಡಿನಲ್ಲಿ ಒಂದು ಊರಿಗೆಂದೇ ಪ್ರತ್ಯೇಕ ಲಾಕ್‌ಡೌನ್ ಬಂದದ್ದು ಕಳೆದ ಜೂನ್ ಕೊನೆಗೆ, ಮೊದಲು ಲೆಸ್ಟರಿಗೆ. ಭಾರತದಲ್ಲಿ ಕೊರೊನಾದ ಮೊದಲ ಸಾವು ಕಲಬುರಗಿಯದು. ಸೌದಿಯಿಂದ ಮರಳಿದ್ದ ಆ ಹಿರಿಯರು ತೀರಿಕೊಂಡದ್ದು ಮಾರ್ಚ್ 10ಕ್ಕೆ, ಕಾರಣ ಖಚಿತವಾದದ್ದು 12ಕ್ಕೆ. ಮರುದಿನವೇ ರಾಜ್ಯವಿಡೀ ಮಾಲು, ಸಿನಿಮಾ, ಮದುವೆ, ಜಾತ್ರೆ ಒಂದು ವಾರ ಬಂದ್ ಎಂದು ಘೋಷಣೆಯಾಯಿತು. ಕಲಬುರಗಿಯವರು ಅಂದರೆ ಬೇರೆ ಊರಿನವರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಲೆಸ್ಟರಿನಿಂದ ಬಂದೆ ಅಂದರೆ ನಿನಗೂ ಹಾಗೇ ಆಗುತ್ತಿತ್ತು ಅಂತ ನೀನೇ ಬರೆದಿದ್ದೆ.

ಈಗ ಹೊಲದ ಸುದ್ದಿ. ಮೊನ್ನೆ ಬುಧವಾರ ಎಳ್ಳಮಾಸಿ, ಎಳ್ಳ ಅಮಾವಾಸ್ಯೆ. ಈ ಸಲ ಮರುದಿನವೇ ಸಂಕ್ರಾಂತಿ ಬಂದಿದ್ದರಿಂದ ಮನೆಯಲ್ಲಿ ಎರಡು ಹಬ್ಬದ ಅಡಿಗೆ ಒಟ್ಟಿಗೇ ನಡೆದಿತ್ತು. ನಸುಕಿನಲ್ಲೇ ಭಜ್ಜಿಗೆ ಇಟ್ಟಿದ್ದರು. ಹಸಿ ಕಡಲೆ, ಅವರೆ, ತೊಗರಿಕಾಳು, ಮೆಂತ್ಯೆ, ಪುಂಡಿ, ಗಜ್ಜರಿ, ಬದನೆ, ಕೈಗೆ ಸಿಕ್ಕ ಕಾಯಿಪಲ್ಲೆಯೆಲ್ಲ ಒಂದೇ ಗಡಿಗೆಯಲ್ಲಿ ಕುದ್ದು ಮಜ್ಜಿಗೆ, ಕಡಲೆಹಿಟ್ಟು ಬಿದ್ದ ಮೇಲೆ ಬರುವ ಆ ವಾಸನೆ ನಿನಗೆ ನೆನಪಿರಬೇಕು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡುಬು, ಶೇಂಗಾ ಹೋಳಿಗೆ ಬುಟ್ಟಿ ತುಂಬಿಕೊಂಡು ಹತ್ತು ಗಂಟೆಗೆ ಹೊಲ ಮುಟ್ಟಿದೆವು. ಮಾಮಾ ಐದು ಕಲ್ಲು ಇಟ್ಟು ಸುಣ್ಣ ಹಚ್ಚಿ ಪೂಜೆ ಮಾಡಿದರು. ಹುಡುಗರು ಬೆಳೆಯ ಸುತ್ತ ಚರಗದ ನೈವೇದ್ಯ ಚೆಲ್ಲುತ್ತ ಕೂಗಿಕೊಂಡು ಓಡಿದರು. ಎತ್ತ ನೋಡಿದರೂ ಪ್ರತಿ ಹೊಲದಲ್ಲೂ ಒಂದೊಂದು ಮನೆತನ, ನಡುವೆ ಮೊಣಕಾಲೆತ್ತರದ ಕಡಲೆ, ಆಳೆತ್ತರದ ಜೋಳ.

ಅಲ್ಲಿ ಕೂತು ಲೆಕ್ಕ ಹಾಕಿದೆ. ಒಂದು ಮನೆಯವರಿಗೂ ಇನ್ನೊಂದು ಮನೆಯವರಿಗೂ ನಡುವೆ ಎಷ್ಟು ಅಂತರ? ಎಕರೆಗಟ್ಟಲೆ. ಆರು ಅಡಿ ದೂರವಿರಿ, ಗಾಳಿಯಾಡುವಲ್ಲಿ ಇರಿ, ನಿಮ್ಮ ಮನೆಯವರ ಜೊತೆಗೇ ಇರಿ ಅಂತ ಇಡೀ ಜಗತ್ತಿನ ವೈದ್ಯರು ವರ್ಷದಿಂದ ಹೇಳುತ್ತಿರುವುದನ್ನು ನಮ್ಮ ಹಿರಿಯರ ಹಬ್ಬ ತನ್ನಷ್ಟಕ್ಕೆ ತಾನೇ ಪಾಲಿಸುತ್ತಿತ್ತು. ಮುಚ್ಚಿದ ಕೋಣೆಯಲ್ಲಿ ಉಸಿರಿಗೆ ಉಸಿರು ತಾಗಿದಾಗ ಹರಡುವ ರೋಗ ಇದು. ಜೋಳದ ಹೊಲದ ನಡುವೆ ಇದಕ್ಕೆ ದಾರಿ ಕಡಿಮೆ. ಆದರೆ ಮಾಮಾ ಈ ಸಲ ದೊಡ್ಡ ಬುತ್ತಿ ಕಟ್ಟಿಸಲಿಲ್ಲ. ಪ್ರತಿ ವರ್ಷ ಪಟ್ಟಣದಿಂದ ಸ್ನೇಹಿತರು, ಅವರ ಆಫೀಸಿನವರು, ಬೀಗರು ಎಲ್ಲ ಜೀಪು ತುಂಬಿ ಬರುತ್ತಿದ್ದರಲ್ಲ, ಅವರಿಗೆ ಫೋನು ಮಾಡಿ "ಈ ವರ್ಷ ಬ್ಯಾಡ್ರಿ, ಬುತ್ತಿ ಮನಿಗೇ ಕಳಸ್ತೀನಿ" ಅಂದಿದ್ದರು. ಯಾವ ಆದೇಶವೂ ಅವರಿಗೆ ಹಾಗೆ ಹೇಳಿರಲಿಲ್ಲ. ಹೊಲಕ್ಕೆ ಹೋಗಬೇಕು, ಜೀಪಿನಲ್ಲಿ ಒತ್ತೊತ್ತಾಗಿ ಕೂರಬಾರದು. ರೋಗ ಯಾವುದರಲ್ಲಿದೆ, ಯಾವುದರಲ್ಲಿಲ್ಲ ಅನ್ನುವುದು ಅವರಿಗೆ ಅರ್ಥವಾಗಿತ್ತು. ಅಷ್ಟು ಸರಳವಾಗಿ ಎಲ್ಲರಿಗೂ ತಿಳಿಸಿ ಹೇಳಿದ್ದರೆ ಕಳೆದ ವರ್ಷ ಇಲ್ಲಿ ನಡೆದ ಕೆಲವು ಸಂಕಟಗಳು ತಪ್ಪುತ್ತಿದ್ದವು.

ರಾವೂರಿನ ವಿಷಯ ನೀನು ಅಲ್ಲಿಯ ಟಿವಿಯಲ್ಲೂ ನೋಡಿರಬಹುದು. ವಾಡಿಯ ಪಕ್ಕದ ರಾವೂರು, ನಮ್ಮದೇ ತಾಲ್ಲೂಕು. ಲಾಕ್‌ಡೌನ್ ಇರುವಾಗಲೇ ಏಪ್ರಿಲ್ 16ರಂದು ಅಲ್ಲಿ ಸಿದ್ಧಲಿಂಗೇಶ್ವರ ರಥೋತ್ಸವ ನಡೆಯಿತು. ಜನ ಸೇರಿದರು, ತೇರು ಎಳೆದರು. ಅದಕ್ಕೆ ಕೆಲವೇ ದಿನಗಳ ಮುಂಚೆ ವಾಡಿಯಲ್ಲಿ ಎರಡು ವರ್ಷದ ಕೂಸಿಗೆ ಸೋಂಕು ಕಾಣಿಸಿಕೊಂಡು ಊರನ್ನು ನಿರ್ಬಂಧಿಸಿದ್ದರು. ಭಕ್ತರ ಮೇಲೆ ಕೇಸಾಯಿತು, ಅಧಿಕಾರಿಗಳು ಅಮಾನತಾದರು, ದೇಶದ ಚಾನೆಲ್ಲುಗಳೆಲ್ಲ ನಮ್ಮ ತಾಲ್ಲೂಕನ್ನು ಬಾಯಿಗೆ ಬಂದಂತೆ ಬೈದವು. ತೇರು ಎಳೆದದ್ದು ತಪ್ಪೇ, ಅದರಲ್ಲಿ ನನಗೆ ಎರಡನೇ ಮಾತಿಲ್ಲ. ಒಂದೇ ಮಿಣಿಗೆ ಹತ್ತಾರು ಕೈ, ಭುಜಕ್ಕೆ ಭುಜ, ಗಂಟಲು ಹರಿಯುವಂಥ ಜಯಘೋಷ. ಬಯಲಾದರೂ ಅಪಾಯವೇ. ಆದರೆ ಬೈದವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು, ಈ ಕಡೆಯ ಸಿಮೆಂಟು ಫ್ಯಾಕ್ಟರಿ, ಫರ್ಸಿ ಖಣಿಗಳಲ್ಲಿ ವರ್ಷವಿಡೀ ದುಡಿಯುವ ಮನುಷ್ಯನಿಗೆ ಊರ ಜಾತ್ರೆ ಬಿಟ್ಟರೆ ಬೇರೆ ರಜೆಯೂ ಇಲ್ಲ, ಪ್ರವಾಸವೂ ಇಲ್ಲ ಅಂತ? ಊಟಿ, ಗೋವಾ ರದ್ದಾದವರಿಗೆ ಮುಂದಿನ ವರ್ಷ ಹೋದರಾಯಿತು ಎಂಬ ಸಮಾಧಾನವಿತ್ತು. ತೇರು ನಿಂತರೆ ಊರಿಗೇ ಕೇಡು ಅಂತ ನಂಬಿದವನಿಗೆ ಯಾರು ಕೂತು ಮಾತಾಡಿದರು? ಅದೇ ಊರಿನ ಹಿರಿಯರು, ಮಠದವರು, ಶಾಲೆಯ ಮಾಸ್ತರರು ವಾರ ಮುಂಚೆ ಮನೆಮನೆಗೆ ಹೋಗಿ ಹೇಳಿದ್ದರೆ ಜನ ಕೇಳುತ್ತಿದ್ದರು ಅಂತ ನಾನು ನಂಬುತ್ತೇನೆ. ಪ್ಲೇಗಿನ ಕಾಲದಲ್ಲಿ ಊರಿಗೆ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇದ್ದದ್ದನ್ನು ನಮ್ಮ ಮುತ್ತಜ್ಜಿ ಹೇಳುತ್ತಿರಲಿಲ್ಲವೇ? ಅಂತರ ಕಾಯುವುದು ಈ ಜನಕ್ಕೆ ಹೊಸದಲ್ಲ.

ವಾಡಿ ಜಂಕ್ಷನ್ನಿಗೂ ಹೋಗಿದ್ದೆ. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹಳಿ ಹಾಸಿದಾಗಿನಿಂದ ಇಷ್ಟು ದಿನ ಈ ನಿಲ್ದಾಣ ಸುಮ್ಮನೆ ಕೂತದ್ದು ಇರಲಿಕ್ಕಿಲ್ಲ. ಮುಂಬೈ, ಮದ್ರಾಸು, ಹೈದರಾಬಾದು ಮೂರೂ ದಿಕ್ಕಿನ ಗಾಡಿ ಬದಲಿಸುವವರು ರಾತ್ರಿಯೆಲ್ಲ ಇಲ್ಲಿ ಹಾಸಿಕೊಂಡು ಮಲಗುತ್ತಿದ್ದರು. ಈಗಲೂ ಸ್ಪೆಷಲ್ ಗಾಡಿಗಳು ಓಡುತ್ತಿವೆ. ಆದರೆ ಎಲ್ಲದಕ್ಕೂ ಮುಂಗಡ ಟಿಕೆಟ್ಟೇ ಬೇಕು, ಜನರಲ್ ಡಬ್ಬಿಗೂ ಬೇಕು. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಅಂತ ಪ್ರತಿ ಸಣ್ಣ ಸ್ಟೇಷನ್ನಿನಲ್ಲಿ ನಿಂತು ಕಾಯಿಪಲ್ಲೆ ಬುಟ್ಟಿ, ಹಾಲಿನ ಕ್ಯಾನು, ಕಾಲೇಜು ಹುಡುಗರನ್ನು ಹತ್ತಿಸಿಕೊಳ್ಳುತ್ತಿದ್ದ ಪ್ಯಾಸೆಂಜರ್ ಗಾಡಿಗಳ ಸುದ್ದಿಯೇ ಇಲ್ಲ. ದೇಶದೊಳಗಿನ ವಿಮಾನ ಮೇ 25ಕ್ಕೇ ಹಾರಲು ಶುರುವಾದವು. ಜನವರಿ ಅರ್ಧ ಮುಗಿದರೂ ಹತ್ತು ರೂಪಾಯಿ ಟಿಕೆಟ್ಟಿನ ಗಾಡಿಗೆ ಹಸಿರು ನಿಶಾನೆ ಸಿಕ್ಕಿಲ್ಲ. ಗರ್ದಿ ಆಗುತ್ತದೆ ಅನ್ನುವುದು ಕಾರಣವಾದರೆ, ಅದೇ ಜನ ಈಗ ಟಂಟಂ ಆಟೋಗಳಲ್ಲಿ ತೊಡೆಯ ಮೇಲೆ ತೊಡೆ ಇಟ್ಟು ಹೋಗುತ್ತಿದ್ದಾರೆ, ದುಪ್ಪಟ್ಟು ದುಡ್ಡು ಕೊಟ್ಟು. ಕಿಟಕಿ ತೆರೆದ ಉದ್ದನೆಯ ಗಾಡಿ ಅದಕ್ಕಿಂತ ಎಷ್ಟೋ ವಾಸಿಯಿತ್ತು.

ಒಂದು ದಿನಾಂಕವನ್ನು ನಾನು ಮರೆಯಲಾರೆ, ಮೇ 18. ಅಂದು ರಾಜ್ಯ ಸರ್ಕಾರ ಹೊರಡಿಸಿದ ನಿಯಮಗಳಲ್ಲಿ ಪಾರ್ಕುಗಳು ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7 ತೆರೆಯಲಿ ಅಂತ ಇತ್ತು. ವಾಕಿಂಗ್ ಮಾಡುವವರಿಗೆ ಅದು ಬೇಕಾಗಿತ್ತು, ಆರೋಗ್ಯಕ್ಕೂ ಒಳ್ಳೆಯದು, ನನ್ನ ತಕರಾರಿಲ್ಲ. ಅದೇ ದಿನ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಮೇ 31ರವರೆಗೆ ಯಾರೂ ಒಳಗೆ ಬರುವಂತಿಲ್ಲ ಅಂತಲೂ ಆಯಿತು. ಚಿಂಚೋಳಿ, ಚಿತ್ತಾಪುರ, ಸೇಡಂ ತಾಂಡಾಗಳ ಅರ್ಧ ದುಡಿಮೆ ಮುಂಬೈ, ಪುಣೆಯಲ್ಲಿ. ಕಟ್ಟಡದ ಕೆಲಸ ನಿಂತು, ಬಾಡಿಗೆ ಕಟ್ಟಲಾಗದೆ, ಕೂಸುಗಳನ್ನು ಕಟ್ಟಿಕೊಂಡು ಊರಿನ ಕಡೆ ಹೊರಟವರು ಅವರು. ಮಹಾರಾಷ್ಟ್ರದಲ್ಲಿ ರೋಗ ಜೋರಿತ್ತು, ಅಲ್ಲಿಂದ ಬಂದವರಲ್ಲೇ ನಮ್ಮ ಹೊಸ ಪ್ರಕರಣಗಳೂ ಹೆಚ್ಚಿದ್ದವು, ಸುಳ್ಳಲ್ಲ. ಆದರೂ ಹೇಳುತ್ತೇನೆ, ಮನೆಗೆ ಹೋಗುವುದು ಸುತ್ತಾಟವಲ್ಲ. ಪರೀಕ್ಷೆ ಮಾಡಿ, ಬೇರೆ ಇಡಿ, ಊಟ ಕೊಡಿ, ಆದರೆ ಒಳಗೆ ಬಿಡಿ.

ಚಿಂಚೋಳಿ ಕಡೆ ಹೋದಾಗ ತಾಂಡಾದ ಒಬ್ಬ ಹೆಣ್ಣುಮಗಳು ತಾನು ಕ್ವಾರಂಟೈನ್ ಆಗಿದ್ದ ಶಾಲೆ ತೋರಿಸಿದಳು. ಮೇ ತಿಂಗಳ ನಮ್ಮ ಬಿಸಿಲು ನಿನಗೆ ಗೊತ್ತು. ಪತ್ರಾಸಿನ ಸೂರು, ಒಂದೇ ನೀರಿನ ಟ್ಯಾಂಕು. ಅವಳ ಅತ್ತೆ ದಿನಾ ಕಂಪೌಂಡಿನ ಹೊರಗೆ ಬುತ್ತಿ ಇಟ್ಟು ಹೋಗುತ್ತಿದ್ದಳಂತೆ. "ಬಿಡಿಸಿದ ದಿನ ಮನಿಗಿ ಹೋಗಲಿಲ್ರಿ, ಮೊದಲ ಹೊಲಕ್ಕ ಹೋಗಿ ಕುಂತೆ" ಅಂದಳು. ಈಗ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿದೆ, ಹಬ್ಬಕ್ಕೆ ಬಂದಿದ್ದಾಳೆ. ಆ ಕಡೆಯ ಚಂದ್ರಂಪಳ್ಳಿ ಜಲಾಶಯವನ್ನೂ ನೋಡಿದೆ, ತುಂಬಿದೆ, ಸುತ್ತ ಕುರುಚಲು ಕಾಡು ಇನ್ನೂ ಹಸಿರು. 2011ರಲ್ಲಿ ವನ್ಯಧಾಮವಾದ ಆ ಸುಮಾರು 135 ಚದರ ಕಿಲೋಮೀಟರಿನಲ್ಲಿ ನಾನು ಹೋದ ದಿನ ಓಡಾಡುತ್ತಿದ್ದ ಕಾರುಗಳು ಹೆಚ್ಚಾಗಿ ತೆಲಂಗಾಣದವು. ದಂಡೆಯ ಮೇಲೆ ಪ್ಲಾಸ್ಟಿಕ್ ತಟ್ಟೆ, ಮಾಸ್ಕುಗಳ ರಾಶಿ ನೋಡಿ ಬೇಸರವಾಯಿತು. ಬಯಲು ಎಲ್ಲರಿಗೂ ಬೇಕಾಗಿದೆ ಈಗ, ಅದನ್ನು ಗುಡಿಸುವವರು ಯಾರು ಅಂತ ಯಾರೂ ಗೊತ್ತುಮಾಡಿಲ್ಲ.

ನಿನ್ನೆ ಸಂಕ್ರಾಂತಿಗೆ ಭೀಮಾ ದಂಡೆಯ ಸನ್ನತಿಗೆ ಹೋಗಿದ್ದೆ. ಅಕ್ಟೋಬರಿನ ನೆರೆ ಇಳಿದು ಭೀಮಾ ತಿಳಿಯಾಗಿದ್ದಾಳೆ. ನೆರೆ ಬಂದಾಗ ದಂಡೆಯ ಹಳ್ಳಿಗಳವರನ್ನು ಕಾಳಜಿ ಕೇಂದ್ರಕ್ಕೆ ಕರೆತಂದಿದ್ದರು. ಹೊರಗಿದ್ದರೆ ಹೊಳೆ, ಒಳಗಿದ್ದರೆ ರೋಗ, ಅವರ ಕಷ್ಟ ಯಾರಿಗೂ ಬೇಡ. ಸ್ನಾನಕ್ಕೆ ಬಂದವರು ಬೆಳಿಗ್ಗೆಯೇ ಚದುರಿ ಹೋಗಿದ್ದರು. ಚಂದ್ರಲಾಂಬಾ ದರ್ಶನ ಮುಗಿಸಿ ಹಳೆಯ ಬೌದ್ಧ ಸ್ತೂಪವಿರುವ ಕನಗನಹಳ್ಳಿಗೆ ಹೋದೆ. ಪುರಾತತ್ವ ಇಲಾಖೆ ಮಾರ್ಚ್ 17ಕ್ಕೆ ದೇಶದ ತನ್ನ ಸ್ಮಾರಕಗಳನ್ನೆಲ್ಲ ಮುಚ್ಚಿ, ಪೂಜೆ ನಡೆಯುವ ಕೆಲವನ್ನು ಜೂನ್ 8ಕ್ಕೆ, ಉಳಿದದ್ದನ್ನು ಜುಲೈ 6ರಿಂದ ತೆರೆಯಬಹುದು ಅಂದಿತಲ್ಲ, ಅದರ ಬಿಸಿ ಇಂಥ ಹೊಲದ ನಡುವಿನ ಜಾಗಕ್ಕೂ ತಟ್ಟಿತ್ತು. ಮೊದಲೇ ದಿನಕ್ಕೆ ನಾಲ್ಕು ಜನ ಬರುವ ಬಯಲು, ನಿನ್ನೆ ನನ್ನ ಹೊರತು ಒಬ್ಬ ಕಾವಲುಗಾರ. ತಾಜಮಹಲಿಗೂ ಕನಗನಹಳ್ಳಿಗೂ ಒಂದೇ ನಿಯಮ ಯಾಕೆ ಅಂತ ಅವನನ್ನು ಕೇಳಿ ಏನು ಪ್ರಯೋಜನ! ಅಲ್ಲಿಯ ಒಂದು ಶಿಲ್ಪದಲ್ಲಿ ಅಶೋಕ ರಾಣಿಯೊಡನೆ ನಿಂತಿದ್ದಾನೆ, ಮೇಲೆ ಬ್ರಾಹ್ಮಿಯಲ್ಲಿ ಅವನ ಹೆಸರು. ಅವನ ಬೇರೊಂದು ಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು, ಔಷಧಿ ಸಸ್ಯ ಇಲ್ಲದ ಕಡೆ ತರಿಸಿ ನೆಡುವುದು, ದಾರಿಗುಂಟ ಬಾವಿ ಮತ್ತು ಮರ, ಎಲ್ಲ ಒಟ್ಟಿಗೇ ಬರುತ್ತವೆ. ಆರೋಗ್ಯವನ್ನೂ ದಾರಿ ನಡೆಯುವವರನ್ನೂ ಒಂದೇ ಉಸಿರಿನಲ್ಲಿ ನೆನೆದ ದೊರೆ. ಮೇ ತಿಂಗಳ ಹೆದ್ದಾರಿಗಳಲ್ಲಿ ನಡೆದು ಬಂದವರು ಕಣ್ಣಿಗೆ ಕಟ್ಟಿ ಅಲ್ಲಿ ಬಹಳ ಹೊತ್ತು ನಿಂತೆ.

ನಾಗಾವಿಗೆ ಮಾತ್ರ ಹೋಗಿ ಬರುವುದಷ್ಟೇ ಆಯಿತು. ಅರವತ್ತು ಕಂಬದ ಗುಡಿಯಲ್ಲಿ ಮಕ್ಕಳು ಆಡುತ್ತಿದ್ದರು. 1058ರ ಶಾಸನ ಹೇಳುವ ಘಟಿಕಾಸ್ಥಾನ ಇದೇ ಅಂತ, ನೂರಾರು ವಿದ್ಯಾರ್ಥಿಗಳು ಇಲ್ಲಿ ಓದುತ್ತಿದ್ದರು ಅಂತ ಅವರಿಗೆ ಹೇಳಿದೆ. ಒಬ್ಬ ಹುಡುಗಿ, ಶಾಲೆ ಮುಚ್ಚಿದ್ದಾಗ ತಮ್ಮ ವಿದ್ಯಾಗಮ ಪಾಠವೂ ಆಗಸ್ಟಿನಲ್ಲಿ ಬೇವಿನ ಗಿಡದ ಕೆಳಗೇ ನಡೆದಿತ್ತು ಅಂದಳು. ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಿದರು. ಗಾಳಿಯಾಡುವ ಗಿಡದ ನೆರಳಿನ ಪಾಠ ನಿಲ್ಲಿಸಬಾರದಿತ್ತು ಅಂತ ನನಗೆ ಅನ್ನಿಸುತ್ತದೆ. ಮಾಸ್ತರರಿಗೆ ರಕ್ಷಣೆ ಕೊಟ್ಟು ಅದನ್ನೇ ಬೆಳೆಸಬೇಕಿತ್ತು.

ನಾಳೆ ಇಲ್ಲಿ ಲಸಿಕೆ ಶುರು. ಮೊದಲು ಆಸ್ಪತ್ರೆಯವರಿಗೆ, ಆಶಾ ಕಾರ್ಯಕರ್ತೆಯರಿಗೆ. ನಮ್ಮ ಓಣಿಯ ಆಶಾ ಬಾಯಿಯ ಹೆಸರೂ ಪಟ್ಟಿಯಲ್ಲಿದೆ. ಕ್ವಾರಂಟೈನ್ ಮನೆಗಳಿಗೆ ದಿನಾ ಹೋಗಿ ಬಂದವಳು ಅವಳು, ಮೊದಲ ಸೂಜಿ ಅವಳಿಗೇ ಸಲ್ಲಬೇಕು. ನಾನು ಬೆಳಿಗ್ಗೆ ಬಸ್ಸು ಹಿಡಿದು ಮಳಖೇಡಕ್ಕೆ ಹೋಗಿ, ಕಾಗಿಣಾ ದಂಡೆಯ ಕೋಟೆ ನೋಡಿಕೊಂಡು ಸಂಜೆಗೆ ಕಲಬುರಗಿ ಸೇರುತ್ತೇನೆ. ಶೇಂಗಾ ಹೋಳಿಗೆ ಕಟ್ಟಿಟ್ಟಿದ್ದಾರೆ, ಇಂಗ್ಲೆಂಡಿಗೆ ಪಾರ್ಸೆಲ್ ತೆಗೆದುಕೊಳ್ಳುತ್ತಾರೋ ಇಲ್ಲವೋ ಅಂಚೆ ಕಚೇರಿಯಲ್ಲಿ ಕೇಳುತ್ತೇನೆ. ನಿಮ್ಮತ್ತೆಗೆ ಲಸಿಕೆಯ ಪಾಳಿ ಬಂತೇನು? ಮನೆ ಹತ್ತಿರದ ಕಾಲುವೆ ದಾರಿಯಲ್ಲಿ ದಿನಾ ನಡೆಯುತ್ತಿದ್ದೀಯಾ? ನಡೆ, ಬಿಡಬೇಡ. ಅವ್ವ ಅದನ್ನೇ ಕೇಳುತ್ತಿರುತ್ತಾಳೆ, ಅವಳಿಗೊಂದು ಫೋನು ಮಾಡಿ ಹೇಳು.

ನಿನ್ನ ಅಕ್ಕ