ಮೊದಲು ಸೊನ್ನೆ

“ಸ್ಪೀಡ್ ಜಾಸ್ತಿ ಮಾಡೋ, ತಾನಾಗೇ ಮೇಲೇಳುತ್ತೆ.”

ಬೆಳಿಗ್ಗೆ ಪಕ್ಕದ ಮನೆಯ ಜಗಲಿಯಿಂದ ಈ ಮಾತು ಕಿವಿಗೆ ಬಿದ್ದಾಗಿನಿಂದ ನನಗೆ ಕಾಫಿಯೂ ರುಚಿಸಲಿಲ್ಲ. ಆ ಮನೆಯ ಹುಡುಗ ಡಿಪ್ಲೊಮಾ ಓದುತ್ತಿದ್ದಾನೆ. ಯಾರೋ ಬಳಸಿ ಬಿಟ್ಟ ರಿಮೋಟ್ ಹೆಲಿಕಾಪ್ಟರ್ ಒಂದನ್ನು ತಂದು ಮೇಜಿನ ಮೇಲೆ ಹರವಿಕೊಂಡಿದ್ದಾನೆ. ಸಲಹೆ ಕೊಟ್ಟವರು ಅವನ ಚಿಕ್ಕಪ್ಪ. ಜಾತ್ರೆಯಲ್ಲಿ ಸಿಗುವ ಆಟಿಕೆಗಾದರೆ ಅವರ ಮಾತು ಸರಿ, ಅದರ ರೆಕ್ಕೆಯ ಓರೆ ಬದಲಾಗುವುದಿಲ್ಲ, ಹೆಚ್ಚು ತಿರುಗಿದರೆ ಹೆಚ್ಚು ಏಳುತ್ತದೆ. ಹುಡುಗನ ಮೇಜಿನ ಮೇಲಿರುವುದು ಬೇರೆ ಜಾತಿಯದು. ಅದರ ಬ್ಲೇಡು ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ತಿರುಗುತ್ತಿರುತ್ತದೆ. ಮೇಲೆತ್ತುವುದು, ಕೆಳಗಿಳಿಸುವುದು ಎಲ್ಲ ಅದರ ಓರೆ, ಅಂದರೆ ಪಿಚ್.

ನಮ್ಮೂರು ಮಲವಗೊಪ್ಪದವರು ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ. ಹತ್ತಿರದ ಸೋಗಾನೆಯ ವಿಮಾನ ನಿಲ್ದಾಣಕ್ಕೆ 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಎಟಿಆರ್ ವಿಮಾನ ಬಂತು. ಅದರ ಒಂದೊಂದು ಪ್ರೊಪೆಲರಿಗೂ ಆರು ರೆಕ್ಕೆ. ಹಾರುವಾಗ ಪೈಲಟ್ ಶಕ್ತಿ ಕೂಡಿಸಿದರೆ ಅವು ಇನ್ನಷ್ಟು ಜೋರಾಗಿ ತಿರುಗುವುದಿಲ್ಲ. ಮೈ ಹೊರಳಿಸಿ ಗಾಳಿಯನ್ನು ಇನ್ನಷ್ಟು ಕಚ್ಚಿ ಹಿಡಿಯುತ್ತವೆ. ನೆಲ ಮುಟ್ಟಿದ ಮೇಲೆ ಅವೇ ರೆಕ್ಕೆಗಳನ್ನು ಎದುರು ದಿಕ್ಕಿಗೆ ಓರೆ ಮಾಡಿ ಓಟ ತಗ್ಗಿಸುತ್ತಾರೆ. ದಿನಾ ನಮ್ಮ ತಲೆಯ ಮೇಲೆಯೇ ನಡೆಯುವ ಈ ಪಾಠವನ್ನು ಬರೀ ಸದ್ದೆಂದು ಬಿಟ್ಟುಬಿಡುತ್ತೇವಲ್ಲ ಎಂಬುದು ನನ್ನ ಸಂಕಟ.

ತಡೆಯಲಾರದೆ ಹೋಗಿ ಹುಡುಗನ ಪಕ್ಕ ಕುಳಿತೆ. “ಅಂಕಲ್, ರಿಮೋಟಲ್ಲೇ ಸಬ್‌ಟ್ರಿಮ್ ಕೊಟ್ಟು ಸರಿಮಾಡಬಹುದಂತೆ” ಎಂದ. ನನಗೆ ಆಗದ ಮಾತು ಅದೊಂದೇ. ಸರ್ವೋ ಎಂಬ ಮೂರು ಪುಟ್ಟ ಮೋಟರುಗಳು 120 ಡಿಗ್ರಿ ಅಂತರದಲ್ಲಿ, ಬ್ಲೇಡಿನ ಓರೆ ಬದಲಿಸುವ ತಟ್ಟೆಯಾದ ಸ್ವಾಶ್‌ಪ್ಲೇಟನ್ನು ಎತ್ತಿ ಹಿಡಿದಿರುತ್ತವೆ. ರಿಮೋಟಿನ ಸ್ಟಿಕ್ ನಡುವಿನಲ್ಲಿದ್ದಾಗ ಸರ್ವೋದ ತೋಳು ತನ್ನನ್ನು ತಟ್ಟೆಗೆ ಜೋಡಿಸುವ ಕಡ್ಡಿಗೆ, ಅಂದರೆ ಲಿಂಕಿಗೆ, ಲಂಬವಾಗಿ ನಿಲ್ಲಬೇಕು. ಸ್ವಾಶ್‌ಪ್ಲೇಟು ಮುಖ್ಯ ಶಾಫ್ಟಿಗೆ ಲಂಬಕೋನದಲ್ಲಿರಬೇಕು. ಬ್ಲೇಡಿನ ಓರೆ ಸೊನ್ನೆ ಡಿಗ್ರಿ ತೋರಿಸಬೇಕು. ಲಿಂಕನ್ನು ಬಿಚ್ಚಿ ಒಂದು ಸುತ್ತು, ಅರ್ಧ ಸುತ್ತು ತಿರುಗಿಸಿ ಇದನ್ನು ಕೈಯಿಂದಲೇ ತರಬೇಕು. ಸೊಟ್ಟಗಿರುವ ತೋಳನ್ನು ರಿಮೋಟಿನ ಅಂಕಿಗಳಿಂದ ಎಳೆದು ನಿಲ್ಲಿಸಿದರೆ ನಡುವಿನಲ್ಲಿ ಎಲ್ಲ ಚೆಂದ ಕಾಣುತ್ತದೆ. ಆದರೆ ತೋಳು ಮೇಲಕ್ಕೆ ಒಂದಳತೆ, ಕೆಳಕ್ಕೆ ಇನ್ನೊಂದಳತೆ ಚಲಿಸುತ್ತದೆ. ಮೂರರಲ್ಲಿ ಒಂದು ಹಿಂದೆ ಬಿದ್ದರೂ ನೇರ ಮೇಲೇರಬೇಕಾದ ಹೆಲಿಕಾಪ್ಟರ್ ಓರೆಯಾಗಿ ಜಾರುತ್ತದೆ. ಸಬ್‌ಟ್ರಿಮ್ ಇರುವುದು ಕೂದಲೆಳೆಯಷ್ಟು ಉಳಿದ ವ್ಯತ್ಯಾಸಕ್ಕೆ, ಲಿಂಕ್ ಬಿಚ್ಚುವ ಸೋಮಾರಿತನವನ್ನು ಮುಚ್ಚುವುದಕ್ಕಲ್ಲ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನಮ್ಮ ಮಾವನಿಗೂ ಇದೇ ಹಠವಿತ್ತು. ಮನೆಗೆ ಹಿಟ್ಟಿನ ಗಿರಣಿ ತಂದ ದಿನ ಎಲ್ಲರೂ ಸ್ವಿಚ್ ಹಾಕಲು ಕಾದಿದ್ದರೆ ಅವರು ಮಾತ್ರ ರಸಮಟ್ಟ ಇಟ್ಟು, ಕಾಲಿನಡಿ ತಗಡಿನ ಚೂರು ತುರುಕಿ, ಮತ್ತೆ ರಸಮಟ್ಟ ಇಡುತ್ತಿದ್ದರು. ಅತ್ತೆ ಗೊಣಗಿದರೆ “ಕೂತ ಜಾಗ ಸರಿಯಿಲ್ಲದ ಯಂತ್ರ ಬೇರಿಂಗ್ ತಿನ್ನುತ್ತೆ ಕಣೇ” ಎನ್ನುತ್ತಿದ್ದರು. ಆ ಕಾರ್ಖಾನೆ 1923ರಲ್ಲಿ ಕಬ್ಬಿಣ ತೆಗೆಯತೊಡಗಿತು. ಅದು ನಮ್ಮ ಸೀಮೆಗೆ ಕೊಟ್ಟ ದೊಡ್ಡ ಆಸ್ತಿ ಅಳೆದು ನೋಡಿ ಕೈಹಾಕುವ ಆ ಕೈಗಳೇ ಎಂದು ನಾನು ನಂಬಿದ್ದೇನೆ. ಅಂಥ ಕೈಗಳು ಈಗ ಮತ್ತೆ ಬೇಕಾಗಿವೆ. ಮಲವಗೊಪ್ಪದ ಮುಂದೆ ಹಾಯುವ ಇದೇ ಬಿ.ಎಚ್. ರಸ್ತೆಯಲ್ಲಿ ತುಮಕೂರಿನ ಕಡೆ ಹೋದರೆ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಸಿಗುತ್ತದೆ. 615 ಎಕರೆಯ ಆ ಕಾರ್ಖಾನೆ ಉದ್ಘಾಟನೆಯಾದದ್ದು 2023ರ ಫೆಬ್ರುವರಿ 6ರಂದು. ಅಲ್ಲಿನ ದೊಡ್ಡ ಯಂತ್ರವೂ ಮೇಲೇಳುವುದು ರೆಕ್ಕೆಯ ಓರೆಯಿಂದಲೇ. ಈ ಹುಡುಗ ನಾಳೆ ಅಲ್ಲಿಗೆ ಹೋಗಬಾರದೇಕೆ?

ಹುಡುಗನ ಮೇಜಿಗೆ ಮರಳಿದರೆ, ಸೊನ್ನೆ ಕೂತ ಮೇಲೆ ಮಿಕ್ಕದ್ದು ಸಲೀಸು. ಬ್ಲೇಡಿಗೆ ಪಿಚ್ ಗೇಜ್ ಸಿಕ್ಕಿಸಿ, ಸ್ಟಿಕ್ ಪೂರ್ತಿ ಮೇಲಿದ್ದಾಗ ಹತ್ತು ಡಿಗ್ರಿಯ ಆಸುಪಾಸು ಬರುವಂತೆ ನೋಡಿಕೊಂಡರಾಯಿತು. ಗಾಳಿಯಲ್ಲಿ ಸುಮ್ಮನೆ ನಿಲ್ಲಲು ಐದಾರು ಡಿಗ್ರಿ ಸಾಕು. ಹೊಸಬರಿಗೆ ಕೆಳಗಡೆ ಮೈನಸ್ ಎರಡು ಮೂರು ಸಾಕು, ಆದರೆ ಅಷ್ಟಾದರೂ ಬೇಕೇ ಬೇಕು. ಇಲ್ಲದಿದ್ದರೆ ಗಾಳಿ ಬೀಸುವ ದಿನ ಅದು ಇಳಿಯಲು ಒಪ್ಪುವುದಿಲ್ಲ. ಎರಡು ಬ್ಲೇಡಿನ ತುದಿಗೂ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ, ತಿರುಗುವಾಗ ದೂರದಿಂದ ನೋಡಿದರೆ ಯಾವುದು ಎತ್ತರದಲ್ಲಿ ಸುತ್ತುತ್ತಿದೆ ಎಂಬುದು ಗೊತ್ತಾಗುತ್ತದೆ. ಆಗ ಅದರ ಲಿಂಕು ಮತ್ತೆ ಅರ್ಧ ಸುತ್ತು.

ಹಾರಿಸುವುದು ಮಾತ್ರ ಇಲ್ಲಿ ಬೇಡ. 2021ರ ಡ್ರೋನ್ ನಿಯಮದಂತೆ ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿ.ಮೀ. ಒಳಗೆ ಅನುಮತಿಯಿಲ್ಲದೆ ಇಂಥದ್ದನ್ನು ಏರಿಸುವಂತಿಲ್ಲ. ಆ ನಿಯಮ ಸರಿಯಾದದ್ದೇ. ಮೇಜಿನ ಕೆಲಸಕ್ಕೆ ಅದರ ಅಡ್ಡಿಯೂ ಇಲ್ಲ.

ಮನೆಯಲ್ಲಿ ಮಕ್ಕಳು ಈ ಕೆಲಸಕ್ಕೆ ಕೂತಿದ್ದರೆ ದೊಡ್ಡವರು ಒಂದನ್ನು ನೋಡಿಕೊಳ್ಳಿ. ಮೊಳದುದ್ದವೂ ಇಲ್ಲದ ಆ ಬ್ಲೇಡಿನ ತುದಿ ತಿರುಗುವಾಗ ಗಂಟೆಗೆ 300 ಕಿ.ಮೀ. ವೇಗವನ್ನು ದಾಟುತ್ತದೆ. ಬ್ಯಾಟರಿ ಜೋಡಿಸಿ ಪಿಚ್ ನೋಡುವ ಮೊದಲು ಮೋಟರಿನ ಮೂರೂ ತಂತಿಗಳನ್ನು ಕಳಚಿಡಲು ಹೇಳಿ.