ಮಂಜಿನ ಎದುರು ಒಂದು ಚಿಟಿಕೆ ಪುಡಿ

ಆಷಾಢದ ಮಳೆ ಸ್ವಲ್ಪ ಹೊತ್ತು ಬಿಡುವು ಕೊಟ್ಟಿದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಕಡೆಗೆ ಇಳಿಯುವ ರಸ್ತೆ ಹತ್ತು ಮಾರಿನಾಚೆ ಕಾಣಿಸುತ್ತಿಲ್ಲ. ಮೊದಲು ಹಾರ್ನ್ ಕೇಳಿಸುತ್ತದೆ, ಆಮೇಲೆ ದೀಪ, ಆಮೇಲೆ ಲಾರಿ. ತೋಟದ ಶೆಡ್ಡಿನಲ್ಲಿ ಒಂದು ಡ್ರಮ್ಮಿನಲ್ಲಿ ಸುಣ್ಣದ ನೀರು, ಇನ್ನೊಂದರಲ್ಲಿ ರಾತ್ರಿಯಿಂದ ಗೋಣಿಗಂಟಿನಲ್ಲಿ ಕರಗುತ್ತಿರುವ ಮೈಲುತುತ್ತ. ಕಾಫಿಗೆ ಕೊಳೆರೋಗ ಹತ್ತುವ ಮೊದಲು, ಸಿಕ್ಕ ಬಿಡುವಿನಲ್ಲೇ ಎರಡನ್ನೂ ಬೆರೆಸಿ ಬೋರ್ಡೋ ದ್ರಾವಣ ಹೊಡೆದು ಮುಗಿಸಬೇಕು.

ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿರುವ ಅಣ್ಣನ ಮಗಳು ಬಾಯಿ ಬಿಗಿದ ಪುಟ್ಟ ಗಾಜಿನ ಸೀಸೆ ತೆಗೆದು ತೋರಿಸುತ್ತಾಳೆ. ಒಳಗೆ ಒಂದು ಚಿಟಿಕೆ ಪುಡಿ. ಕಡುನೀಲಿ, ನೇರಳೆಗೆ ಹತ್ತಿರ.

“ಇದೂ ತಾಮ್ರವೇ ಚಿಕ್ಕಪ್ಪ, ನಿಮ್ಮ ಡ್ರಮ್ಮಲ್ಲಿರೋ ಅದೇ ತಾಮ್ರ. ನೋಡ್ತಾ ಇರಿ.”

ಮುಚ್ಚಳ ಬಿಚ್ಚಿ ಬಿಳಿ ತಟ್ಟೆಯ ಮೇಲೆ ತೆಳ್ಳಗೆ ಹರಡುತ್ತಾಳೆ. ಅಂಚಿನಿಂದ ಬಣ್ಣ ತಿಳಿಯಾಗತೊಡಗುತ್ತದೆ. ಕಡುನೀಲಿ ಹಿಂದೆ ಸರಿಯುತ್ತ ಸರಿಯುತ್ತ ತಟ್ಟೆಯ ತುಂಬ ಆಕಾಶನೀಲಿ. ಯಾರೂ ಒಂದು ಹನಿ ನೀರು ಹಾಕಿಲ್ಲ. ಅದು ಕುಡಿದದ್ದು ಈ ಶೆಡ್ಡಿನ ಗಾಳಿಯನ್ನು.

ಪುಡಿಯ ಹೆಸರು ಎಚ್‌ಕೆಯುಎಸ್‌ಟಿ-1. 1999ರಲ್ಲಿ ಹಾಂಗ್‌ಕಾಂಗಿನ ವಿಶ್ವವಿದ್ಯಾಲಯವೊಂದರಲ್ಲಿ ಹುಟ್ಟಿದ್ದು, ಹೆಸರೂ ಅಲ್ಲಿಯದೇ. ತಾಮ್ರದ ಅಯಾನುಗಳು ಜೋಡಿಜೋಡಿಯಾಗಿ ನಿಲ್ಲುತ್ತವೆ. ಮೂರು ಕೈಗಳ ಸಾವಯವ ಅಣುಗಳು ಆ ಜೋಡಿಗಳನ್ನು ಹಿಡಿದು ಕಟ್ಟುತ್ತ ಹೋಗುತ್ತವೆ. ಯಾವ ದಿಕ್ಕಿಗೆ ಹೋದರೂ ಅದೇ ಕ್ರಮ, ಅದಕ್ಕೇ ಅದು ಹರಳು. ಕಟ್ಟಿನ ನಡುವೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಅಗಲದ ಖಾಲಿ ಜಾಗಗಳು. ಅನಿಲದ ಅಣುಗಳು ಒಳಗೆ ಬಂದು ಗೋಡೆಗೆ ಅಂಟಿಕೊಳ್ಳುತ್ತವೆ, ಕಾಯಿಸಿದರೆ ಹೊರಗೆ ಹೋಗುತ್ತವೆ. ಇದೇ ಜಾತಿಯ ಮಾಫ್-5 ಎಂಬ ವಸ್ತುವಿನ ಒಂದೆರಡು ಗ್ರಾಮಿನೊಳಗಿನ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಒಂದು ಫುಟ್‌ಬಾಲ್ ಮೈದಾನ ತುಂಬುತ್ತದೆ.

2025ರ ರಸಾಯನಶಾಸ್ತ್ರದ ನೊಬೆಲ್ ಇಂಥ ಹರಳು ಕಟ್ಟುವ ಕೆಲಸಕ್ಕೇ ಬಂತು: ರಿಚರ್ಡ್ ರಾಬ್ಸನ್, ಸುಸುಮು ಕಿತಗಾವ, ಒಮರ್ ಯಾಘಿ. ಕಿತಗಾವ ಅವರ ಕ್ಯೋಟೋ ಪ್ರಯೋಗಾಲಯದಲ್ಲಿ ಪಳಗಿದ ತಪಸ್ ಕುಮಾರ್ ಮಾಜಿ ಬೆಂಗಳೂರಿನ ಜಕ್ಕೂರಿನಲ್ಲಿ, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇಂಥ ಹರಳುಗಳನ್ನೇ ಕಟ್ಟುತ್ತಾರೆ. ಕ್ಯೋಟೋದ ವಿದ್ಯೆ ನಮ್ಮ ನಾಡಿನಲ್ಲೇ ಬೇರುಬಿಟ್ಟಿದೆ ಎನ್ನುವುದು ನನಗೆ ಸಣ್ಣ ಸಂತೋಷವಲ್ಲ.

“ಈ ಹರಳುಗಳು ಹೊಗೆಯಿಂದ, ಗಾಳಿಯಿಂದ ಹಿಡೀಬೇಕಾಗಿದ್ದು ಕಾರ್ಬನ್ ಡೈಆಕ್ಸೈಡ್ ಅಲ್ವೇನೆ? ಇದು ನೀರು ಹಿಡೀತಲ್ಲ!”

“ಅದೇ ತೊಂದ್ರೆ ಚಿಕ್ಕಪ್ಪ. ಧರ್ಮಸ್ಥಳದ ಬಸ್ಸು ಮೂಡಿಗೆರೇಲೇ ತುಂಬಿ ಬಂದ್ರೆ ಇಲ್ಲಿ ಹತ್ತೋರಿಗೆ ಸೀಟೆಲ್ಲಿ? ನೀರು ಮೊದಲೇ ಕೂತುಬಿಡುತ್ತೆ.”

ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ. ಗಾಳಿಯ 10 ಲಕ್ಷ ಅಣುಗಳಲ್ಲಿ ಕಾರ್ಬನ್ ಡೈಆಕ್ಸೈಡಿನವು ಸುಮಾರು 425. 20 ಡಿಗ್ರಿಯ ಈ ಮಂಜಿನ ಗಾಳಿಯಲ್ಲಿ ನೀರಾವಿಯ ಅಣುಗಳು 20 ಸಾವಿರಕ್ಕೂ ಹೆಚ್ಚು. ಮಾಫ್-5ರಂಥ ಹರಳು ಇಂಥ ತೇವದಲ್ಲಿ ಕುಸಿದೇಹೋಗುತ್ತದೆ. ಕೆನಡಾದ ಕ್ಯಾಲ್ಗರಿಯಲ್ಲಿ ಜಾರ್ಜ್ ಶಿಮಿಜು ತಂಡ ಸತುವಿನಿಂದ ಕಟ್ಟಿದ ಕಾಲ್ಫ್-20 ಗಟ್ಟಿ ಹರಳು. ಸಿಮೆಂಟ್ ಕಾರ್ಖಾನೆಯ ನಿಜವಾದ ಹೊಗೆಯಲ್ಲಿ ಅದನ್ನು ದುಡಿಸಿ ನೋಡಿದ್ದಾರೆ. ಅದಕ್ಕೂ ಗಾಳಿಯ ತೇವಾಂಶ ಶೇಕಡ 40 ದಾಟಿದರೆ ನೀರಿನ ಕಾಟ ಶುರು. ಶೇಕಡ 40! ಶಿವರಾತ್ರಿಯ ಹೊತ್ತಿನ ಒಣ ಮಧ್ಯಾಹ್ನಗಳಲ್ಲಷ್ಟೇ ನಾವು ಅಂಥ ಗಾಳಿ ಕಂಡೇವು. ಒಣಗಾಳಿಯ ಫಲಿತಾಂಶಕ್ಕೆ ಚಪ್ಪಾಳೆ ತಟ್ಟುವ ಮೊದಲು ಆ ಹರಳನ್ನು ಮಲೆನಾಡಿನ ಒಂದು ಮಳೆಗಾಲದಲ್ಲಿ ನಿಲ್ಲಿಸಿ ನೋಡಬೇಕೆಂದು ನನ್ನ ಹಟ.

ದಾರಿ ಇಲ್ಲದಿಲ್ಲ. 2024ರಲ್ಲಿ ಯಾಘಿ ತಂಡ ಕಾಫ್-999 ಎಂಬುದನ್ನು ಪ್ರಕಟಿಸಿತು. ಅದರಲ್ಲಿ ಲೋಹವೇ ಇಲ್ಲ. ರಂಧ್ರಗಳ ಒಳಗೆ ಅಮೈನ್ ಸರಪಳಿಗಳನ್ನು ಬೆಳೆಸಿದ್ದಾರೆ. ಕಾರ್ಬನ್ ಡೈಆಕ್ಸೈಡ್ ಅವುಗಳ ಜೊತೆ ರಾಸಾಯನಿಕವಾಗಿ ಕೂಡಿಕೊಳ್ಳುತ್ತದೆ, ತೇವ ಇದ್ದರೆ ಇನ್ನೂ ಚೆನ್ನಾಗಿ. ಬರ್ಕ್ಲಿಯ ಬಯಲು ಗಾಳಿಯಲ್ಲಿ 100 ಸಲ ತುಂಬಿ ಬರಿದು ಮಾಡಿದರೂ ಶಕ್ತಿ ಕುಂದಲಿಲ್ಲ. 200 ಗ್ರಾಂ ಪುಡಿ ವರ್ಷಕ್ಕೆ 20 ಕಿಲೋ ಕಾರ್ಬನ್ ಡೈಆಕ್ಸೈಡ್ ಹಿಡಿದೀತು, ಒಂದು ಮರದಷ್ಟು, ಎನ್ನುವುದು ಅವರ ಲೆಕ್ಕ.

ನಾನು ಶೆಡ್ಡಿನಾಚೆ ನೋಡುತ್ತೇನೆ. ಮಂಜಿನಲ್ಲಿ ಸಿಲ್ವರ್ ಓಕುಗಳ ಸಾಲು, ಅದರ ಮೈಗೆ ಹಬ್ಬಿದ ಮೆಣಸಿನ ಬಳ್ಳಿ.

“ಮರಕ್ಕೆ ಯಾರೂ ಬೆಂಕಿ ಹಾಕಿ ಕಾಯಿಸಬೇಕಾಗಿಲ್ಲವಲ್ಲ.”

“ಹೌದು, ಮರದ ಬದಲಿಗೆ ಇದಲ್ಲ. ಚಿಮಣಿ ಬಾಯಲ್ಲಿ ಮರ ನೆಡೋಕಾಗಲ್ಲ, ಅಲ್ಲಿಗೆ ಇದು. ಆದ್ರೆ ಕಾಯಿಸೋ ಲೆಕ್ಕ ನೀವು ಸರಿಯಾಗೇ ಹಿಡಿದ್ರಿ. ಹರಳು ನೀರನ್ನೂ ಹೀರಿದ್ರೆ ಆ ನೀರನ್ನೂ ಕಾಯಿಸಿ ಓಡಿಸ್ಬೇಕು. ಅದಕ್ಕೆ ಸೌದೆಯೋ ಕಲ್ಲಿದ್ದಲೋ ಸುಟ್ರೆ ಹಿಡಿದಿದ್ದೆಲ್ಲ ವಾಪಸ್ ಬಿಟ್ಟ ಹಾಗೆ.”

“ನಿನ್ನ ಕಾಫ್‌ಗೆ ಎಷ್ಟು ಬಿಸಿ ಬೇಕು?”

“60 ಡಿಗ್ರಿ ಸಾಕು. ಕಾರ್ಖಾನೆಗಳಲ್ಲಿ ಅಷ್ಟು ಬಿಸಿ ಸುಮ್ಮನೆ ಪೋಲಾಗ್ತಿರುತ್ತೆ, ಅದನ್ನೇ ತಿರುಗಿಸ್ಕೊಂಡ್ರಾಯ್ತು.”

“ಹಾಗಾದ್ರೆ ಒಂದು ವರ್ಷ ಅದನ್ನ ಇಲ್ಲಿ ಇಟ್ಟು ನೋಡಿ. ಶೆಡ್ಡು ನಾನು ಕೊಡ್ತೀನಿ, ಮಂಜಿಗೆ ಬರವಿಲ್ಲ.”