ಯಂತ್ರಸಂಸ್ಕಾರ

ಸಂಸ್ಕಾರವು ಎರಡು ಬಗೆಯೆಂದು ಶಾಸ್ತ್ರಜ್ಞರು ಹೇಳುವರು: ದೋಷಾಪನಯನ, ಗುಣಾಧಾನ. ಇರುವ ದೋಷವನ್ನು ಕಳೆಯುವುದೊಂದು, ಇಲ್ಲದ ಗುಣವನ್ನು ತುಂಬುವುದೊಂದು. ಪಾಠಶಾಲೆಯಲ್ಲಿ ಕಂಠಸ್ಥ ಮಾಡಿದ ಈ ವಿಭಾಗವು ಒಂದು ಹಳೆಯ ಮೈಕು ಪೆಟ್ಟಿಗೆಯ ವಿಚಾರದಲ್ಲಿ ಉಪಯೋಗಕ್ಕೆ ಬಂದೀತೆಂದು ನಾನೆಂದೂ ಎಣಿಸಿರಲಿಲ್ಲ.

ನಮ್ಮ ಬಳ್ಳಾರಿ ಸೀಮೆಯು ನಾಟಕದ ಸೀಮೆ. ಬಳ್ಳಾರಿ ರಾಘವರ (೧೮೮೦–೧೯೪೬) ತಲೆಮಾರಿನ ನಟರಿಗೆ ಕಂಠವೇ ಮುಖ್ಯ ಸಾಧನವಾಗಿತ್ತು. ಬಳಿಕ ವಾಲ್ವಿನ ಧ್ವನಿವರ್ಧಕಗಳು ಬಂದು, ಜಾತ್ರೆಯ ನಾಟಕಗಳಲ್ಲಿ ನಟರ ಮಾತನ್ನೂ ಹಾರ್ಮೋನಿಯಮ್ಮಿನ ಸ್ವರವನ್ನೂ ಬಯಲಿಗೆಲ್ಲ ಸಾರಿದವು. ಟ್ರಾನ್ಸಿಸ್ಟರು ಬಂದ ಮೇಲೆ ಅವು ಅಟ್ಟವನ್ನು ಸೇರಿದವು. ಅಂಥದೊಂದನ್ನು ಸಿರುಗುಪ್ಪದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನು ಕುರುಗೋಡಿನ ವೃದ್ಧರೊಬ್ಬರಿಂದ ಬೇಡಿ ತಂದನು. ಅವನಿಗೆ ಮೌತ್ ಆರ್ಗನ್ನಿನ ಹುಚ್ಚು. ವೃದ್ಧರ ನಿಬಂಧನೆ ಒಂದೇ: “ನಮ್ಮಪ್ಪ ದುಡಿದ ಪೆಟ್ಟಿಗಿ, ಮೇಷ್ಟ್ರೇ. ಅದರ ದನಿ ಕೆಡಿಸಬ್ಯಾಡ ಅಂತ ಹುಡುಗನಿಗೆ ಹೇಳ್ರಿ.”

ಹಾರ್ಮೋನಿಯಮ್ಮಿಗೂ ಮೌತ್ ಆರ್ಗನ್ನಿಗೂ ಕುಲವೊಂದೇ. ಎರಡರಲ್ಲಿಯೂ ಗಾಳಿಗೆ ಕಂಪಿಸುವ ಲೋಹದ ನಾಲಗೆಯೇ ನುಡಿಯುವುದು. ಹಿರಿಯದನ್ನು ಆಕಾಶವಾಣಿಯು ೧೯೪೦ರಿಂದ ೧೯೭೧ರವರೆಗೆ ಬಹಿಷ್ಕರಿಸಿತ್ತು; ಕಿರಿಯದನ್ನು ಆಟಿಕೆಯೆಂದು ಕಡೆಗಣಿಸಿದವರು ಬಹುಮಂದಿ. ಆದರೆ ೧೯೫೨ರಲ್ಲಿ ‘ಜ್ಯೂಕ್’ ಎಂಬ ಕೃತಿಯಿಂದ ಪ್ರಸಿದ್ಧನಾದ ಷಿಕಾಗೋದ ಲಿಟ್ಲ್ ವಾಲ್ಟರನು ಮೈಕನ್ನೂ ವಾದ್ಯವನ್ನೂ ಒಂದೇ ಬೊಗಸೆಯಲ್ಲಿ ಹಿಡಿದು, ವಾಲ್ವಿನ ಪೆಟ್ಟಿಗೆಯ ಮೂಲಕ ಹೊಸದೊಂದು ನಾದವನ್ನೇ ಹೊರಡಿಸಿದನು.

ತೊಡಕಿರುವುದು ಇಲ್ಲಿಯೇ. ನಾಟಕದ ಪೆಟ್ಟಿಗೆಯು ದೂರದಲ್ಲಿ ನಿಂತ ನಟನ ದನಿಯನ್ನು ಹಿಡಿಯಲೆಂದು ರಚಿತವಾದುದು. ಬೊಗಸೆಯೊಳಗಿನ ಮೈಕಿಗೆ ಅಷ್ಟು ವರ್ಧನವು ಅತಿಯಾಗಿ, ಹೊರಬಂದ ಸದ್ದು ಮತ್ತೆ ಮೈಕನ್ನೇ ಹೊಕ್ಕು ಊಳಿಡುತ್ತದೆ. ಇದಕ್ಕೆ ಪರಿಹಾರ ಸುಲಭ. ಮೊದಲ ಘಟ್ಟದ ಇ.ಸಿ.ಸಿ. ೮೩ ವಾಲ್ವಿನ ವರ್ಧನಾಂಕ ೧೦೦. ಅದೇ ಕುಳಿಯಲ್ಲಿ ಕೂರುವ ಇ.ಸಿ.ಸಿ. ೮೨ರದು ೨೦ಕ್ಕಿಂತ ಹೆಚ್ಚಲ್ಲ. ಇದನ್ನು ಹಾಕಿದರೆ ಊಳು ತಗ್ಗುತ್ತದೆ. ಗುಂಡಿಯನ್ನು ಇನ್ನಷ್ಟು ತಿರುಗಿಸಬಹುದು. ಆಗ ಕಡೆಯ ವಾಲ್ವುಗಳು ದಣಿದು ಸ್ವರವನ್ನು ತುಸು ಒಡೆಯುತ್ತವೆ. ಆ ಒಡಕೇ ವಾದಕನಿಗೆ ಬೇಕಾದುದು. ಸ್ಥಾನವಿಶೇಷದಿಂದ ದೋಷವೇ ಗುಣವಾಗುವುದೆಂದು ಭೋಜನು ಕಾವ್ಯವನ್ನು ಕುರಿತು ಹೇಳಿದುದು ಇಲ್ಲಿಯೂ ಸಲ್ಲುವುದು.

ಇದು ಗುಣಾಧಾನವಾಯಿತು. ಅದಕ್ಕಿಂತ ಮುಂಚೆ ದೋಷಾಪನಯನವು ನಡೆಯಲೇಬೇಕು. ಏಕೆಂದರೆ ಇಲ್ಲಿ ಪ್ರಾಣದ ಪ್ರಶ್ನೆಯುಂಟು. ಪೆಟ್ಟಿಗೆಯೊಳಗೆ ೩೦೦ ವೋಲ್ಟಿನಷ್ಟು ವಿದ್ಯುತ್ತು ಓಡಾಡುವುದು. ಸ್ವಿಚ್ಚು ಆರಿಸಿದ ಮೇಲೆಯೂ ಕೆಪಾಸಿಟರುಗಳಲ್ಲಿ ಅದು ನಿಂತಿರಬಹುದು. ವಾದಕನ ಕೈಯಲ್ಲಿ ಮೈಕು, ತುಟಿಯಲ್ಲಿ ಲೋಹ! ಆದುದರಿಂದ ಸೋರುತ್ತಿದ್ದ ಕಾಗದದ ಕೆಪಾಸಿಟರುಗಳನ್ನು ತಿಳಿದವರಿಂದ ಬದಲಿಸಿ, ಎರಡೆಳೆಯ ತಂತಿಯನ್ನು ತೆಗೆದು, ಅರ್ಥಿಂಗ್ ಇರುವ ಮೂರೆಳೆಯ ತಂತಿಯನ್ನು ಹಾಕಿಸಿದೆವು. ಸ್ಪೀಕರನ್ನು ಜೋಡಿಸದೆ ಇಂಥ ಯಂತ್ರವನ್ನು ನಡೆಸಬಾರದು, ಟ್ರಾನ್ಸ್‌ಫಾರ್ಮರು ಸುಟ್ಟೀತು.

ಶಿಷ್ಯನಿಗೆ ಮುಂಗಡೆಯ ತಗಡಿನಲ್ಲಿ ಹೊಸ ರಂಧ್ರವೊಂದನ್ನು ಕೊರೆದು ಇನ್ನೊಂದು ಗುಂಡಿಯನ್ನು ಕೂರಿಸುವ ಆಸೆಯಿತ್ತು. ನಾನು ಬೇಡವೆಂದೆನು. ವಾಲ್ವನ್ನು ಕಿತ್ತು ಮರಳಿ ಹಾಕಬಹುದು, ರಂಧ್ರವನ್ನು ಹಾಗೆ ಮಾಡಲಾಗದು; ಮೊದಲನೆಯದು ಸಂಸ್ಕಾರ, ಎರಡನೆಯದು ವಿಕಾರ. ಅವನು ಮುಖ ಸಣ್ಣದು ಮಾಡಿಕೊಂಡರೂ ಒಪ್ಪಿದನು.

ವೃದ್ಧರು ಬಂದು ವಾದನವನ್ನು ಕೇಳಿದರು. “ಚಲೋ ಐತಿ. ಆದ್ರ ಇದು ನಮ್ಮಪ್ಪನ ಪೆಟ್ಟಿಗಿ ದನಿ ಅಲ್ಲ,” ಎಂದರು. ಶಿಷ್ಯನು ಪೆಟ್ಟಿಗೆಯನ್ನು ಆರಿಸಿ, ಹಳೆಯ ವಾಲ್ವನ್ನು ಮರಳಿ ಕೂರಿಸಿ, ಮೈಕನ್ನು ಅವರ ಮುಂದಿಟ್ಟನು. ಅವರು ರಂಗಗೀತೆಯ ಒಂದು ನುಡಿಯನ್ನು ಹಾಡಿದರು. ಮುಂದೆ ಹಾಡಲಾರದೆ ನಿಲ್ಲಿಸಿದರು. ಆಮೇಲೆ ಎರಡು ವಾಲ್ವುಗಳನ್ನೂ ಕೂಡಿಯೇ ಇಟ್ಟುಕೊಳ್ಳಲು ಅಪ್ಪಣೆಯಿತ್ತರು.

ಇಂಥ ಪೆಟ್ಟಿಗೆಗಳು ನಮ್ಮ ಊರುಗಳ ಅಟ್ಟಗಳಲ್ಲಿ ಇನ್ನೂ ಇದ್ದಾವು. ಅವನ್ನು ಗುಜರಿಗೆ ತೂಗುವುದಕ್ಕಿಂತ ನುಡಿಸುವುದು ಲೇಸು. ಆದರೆ ಬಿಚ್ಚುವ ಕೈಗೆ ಮರಳಿ ಜೋಡಿಸುವ ವಿವೇಕವೂ ಇರಬೇಕು.